ಭಾವ ಕೊಟ್ಟ ನೊಣದ ಗಿಡ

ಅಕ್ಕನಿಗೆ ಮದುವೆಯಾದದ್ದು ಐವತ್ತು ದಾಟಿದ ಮೇಲೆ. ಬಿ.ಪಿ. ಮಾತ್ರೆ ತರಲು ಔಷಧಿ ಅಂಗಡಿಗೆ ಹೋಗುತ್ತಿದ್ದವಳು ಕೊನೆಗೆ ಅಂಗಡಿಯವನನ್ನೇ ಕಟ್ಟಿಕೊಂಡು ಬಂದಳು ಎಂದು ಅವಳ ಆಫೀಸಿನವರೆಲ್ಲ ನಕ್ಕರು. ಅಕ್ಕನೂ ನಕ್ಕಳು. ತಂಗಿಯೂ ನಕ್ಕಳು, ಆದರೆ ಒಂದು ಗಳಿಗೆ ತಡವಾಗಿ.

ತಂಗಿಯನ್ನು ಮನೆಯಲ್ಲಿ ಪುಟ್ಟಿ ಎನ್ನುತ್ತಿದ್ದರು. ಹಾಗೆ ಕರೆಯುವವರಲ್ಲಿ ಅಪ್ಪ ಮೊದಲು ಹೋದರು, ಆಮೇಲೆ ಅಮ್ಮ. ಉಳಿದವಳು ಅಕ್ಕ ಒಬ್ಬಳೇ. ತಲೆ ಅರ್ಧ ನರೆತರೂ ಪುಟ್ಟಿ ಪುಟ್ಟಿಯಾಗಿಯೇ ಇದ್ದಳು. ಮೂರನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಅಕ್ಕನದು ಬಾಯಿ, ಪುಟ್ಟಿಯದು ಕಿವಿ. ಅಕ್ಕ ನೀರಿನ ಬಿಲ್ಲು ಕಟ್ಟಿಸಿಕೊಳ್ಳುವ ಆಫೀಸಿನಲ್ಲಿ ಕೌಂಟರಿನ ಹಿಂದೆ ಕೂರುವವಳು. ಸಂಜೆ ಬಾಗಿಲಲ್ಲಿ ಚಪ್ಪಲಿ ಬಿಡುವಾಗಲೇ ಶುರುಮಾಡಿದರೆ, ಯಾರು ಏನು ಅಂದರು, ತಾನು ಏನು ತಿರುಗಿಸಿ ಅಂದೆ, ಅವರ ಮುಖ ಹೇಗಾಯಿತು ಎಂಬುದೆಲ್ಲ ಊಟ ಮುಗಿಯುವವರೆಗೂ ನಡೆಯುತ್ತಿತ್ತು. ಪುಟ್ಟಿ ನಡುನಡುವೆ "ಹೌದಾ?" ಎನ್ನುತ್ತಿದ್ದಳು. ಅಷ್ಟು ಸಾಕಾಗುತ್ತಿತ್ತು ಇಬ್ಬರಿಗೂ.

ಔಷಧಿ ಅಂಗಡಿಯವರು ಹೆಂಡತಿ ತೀರಿಕೊಂಡು ಬಹಳ ಕಾಲವಾಗಿದ್ದ, ಮೆಲುಮಾತಿನ ಮನುಷ್ಯ. ಅಂಗಡಿಯನ್ನು ಮಾರಿ ತಮ್ಮ ಹುಟ್ಟೂರಿನ ಮನೆಗೆ ಹೋಗಿ ನೆಲೆಸುವುದೆಂದು ಅವರು ಮೊದಲೇ ನಿಶ್ಚಯಿಸಿಬಿಟ್ಟಿದ್ದರು. ರೈಲಿನಲ್ಲಿ ಒಂದು ಇಡೀ ಹಗಲಿನ ದಾರಿ. ಅಕ್ಕ ಆಫೀಸಿನ ಕೆಲಸ ಬಿಟ್ಟುಬಿಟ್ಟಳು. ರಿಜಿಸ್ಟ್ರಾರ್ ಆಫೀಸಿನಲ್ಲಿ ಸಹಿ ಹಾಕಿ ಬಂದ ಮರುದಿನವೇ ಅಕ್ಕನ ಎರಡು ಪೆಟ್ಟಿಗೆ, ಹೊಲಿಗೆ ಯಂತ್ರ, ಅಮ್ಮನ ಗೋಡೆ ಗಡಿಯಾರ ಎಲ್ಲ ಕೆಳಗೆ ಟ್ಯಾಕ್ಸಿ ಸೇರಿದವು. ಗಡಿಯಾರವನ್ನು ಪುಟ್ಟಿಯೇ ಒತ್ತಾಯ ಮಾಡಿ ಕೊಟ್ಟಿದ್ದಳು. ಆಮೇಲೆ ಗೋಡೆಯ ಮೇಲೆ ಉಳಿದ ಬಿಳಿ ಗುರುತನ್ನು ನೋಡಿ ಯಾಕಾದರೂ ಕೊಟ್ಟೆನೋ ಅನ್ನಿಸಿತು.

ಭಾವ ಮಾತ್ರ ಮತ್ತೊಮ್ಮೆ ಮೆಟ್ಟಿಲು ಹತ್ತಿ ಬಂದರು. ಕೈಯಲ್ಲಿ ಅಂಗೈಯಗಲದ ಒಂದು ಕುಂಡ.

"ಇದು ನಿಮಗೆ," ಎಂದರು ಏದುಸಿರು ಬಿಡುತ್ತ. "ನೊಣ ಹಿಡಿಯೋ ಗಿಡ. ನನ್ನ ಹತ್ರ ಇಂಥವು ಬೇಕಾದಷ್ಟಿವೆ."

ಮಣ್ಣಿಗೆ ಅಂಟಿಕೊಂಡಂತೆ ಹರಡಿದ ಹಸಿರು ಎಲೆಗಳು. ಒಂದೊಂದು ಎಲೆಯ ತುದಿಗೂ ಒಂದೊಂದು ತೆರೆದ ಬಾಯಿ, ಒಳಗೆಲ್ಲ ಒಸಡಿನಂಥ ಕೆಂಪು, ಅಂಚಿನಲ್ಲಿ ಸಾಲಾಗಿ ಹಲ್ಲು. ಪುಟ್ಟಿಯದು ಹಲ್ಲು ಕಟ್ಟುವ ಕೆಲಸ. ದಂತವೈದ್ಯರೊಬ್ಬರ ಆಸ್ಪತ್ರೆಯ ಹಿಂದಿನ ಕೋಣೆಯಲ್ಲಿ ಕೂತು, ಮೇಣದ ಮೇಲೆ ಒಂದೊಂದೇ ಹಲ್ಲು ಜೋಡಿಸಿ ಜನರಿಗೆ ಸೆಟ್ಟು ಮಾಡಿಕೊಡುವವಳು. ದಿನವೆಲ್ಲ ಬಾಯಿಗಳನ್ನೇ ನೋಡಿ ಬರುವ ತನಗೆ ಮನೆಯಲ್ಲೂ ಇಷ್ಟೊಂದು ಬಾಯಿ ಬೇಕಿತ್ತೇ ಎಂದುಕೊಂಡಳು. ಭಾವ ಆಗಲೇ ಹೇಳತೊಡಗಿದ್ದರು: ನಲ್ಲಿ ನೀರು ಕೂಡದು, ಅದರ ಉಪ್ಪಿಗೆ ಬೇರು ಸುಟ್ಟುಹೋಗುತ್ತದೆ, ಮಳೆ ನೀರೋ ಬಟ್ಟಿ ಇಳಿಸಿದ ನೀರೋ ಆಗಬೇಕು, ಗೊಬ್ಬರ ಹಾಕಬಾರದು, ಬಿಸಿಲು ಚೆನ್ನಾಗಿ ಬೀಳಬೇಕು. "ಇನ್ನೊಂದು ಮುಖ್ಯವಾದ ವಿಷಯ," ಎನ್ನುವಷ್ಟರಲ್ಲಿ ಕೆಳಗಿನಿಂದ ಟ್ಯಾಕ್ಸಿಯವನು ಹಾರ್ನ್ ಹೊಡೆದ. ಅಕ್ಕ ರಸ್ತೆಯಿಂದಲೇ "ರೈಲು ನಮಗೋಸ್ಕರ ಕಾಯತ್ತಾ?" ಎಂದು ಕೂಗಿದಳು. ಭಾವ ಕೈ ಮುಗಿದು ಇಳಿದುಹೋದರು.

ಆ ಸಂಜೆ ಪುಟ್ಟಿ ಅಭ್ಯಾಸಬಲದಿಂದ ಎರಡು ತಟ್ಟೆ ತೆಗೆದಿಟ್ಟು, ಒಂದನ್ನು ವಾಪಸ್ಸು ಇಟ್ಟಳು.

ಒಂಟಿತನ ಎಂದರೆ ಅಳು ಬರುವಂಥದ್ದೇನೋ ಇರಬೇಕೆಂದು ಅವಳು ತಿಳಿದಿದ್ದಳು. ಹಾಗೇನೂ ಇರಲಿಲ್ಲ. ಇಟ್ಟ ವಸ್ತು ಇಟ್ಟಲ್ಲೇ ಇರುತ್ತಿತ್ತು, ಅಷ್ಟೇ. ಬೆಳಿಗ್ಗೆ ಕುರ್ಚಿಯ ಬೆನ್ನಿಗೆ ಹಾಕಿ ಹೋದ ಟವೆಲ್ಲು ಸಂಜೆ ಅದೇ ಮಡಿಕೆಯಲ್ಲಿ ನೇತಾಡುತ್ತಿತ್ತು. ಮೇಜಿನ ಮೇಲೆ ಬಿಟ್ಟ ಲೋಟ ಅಲ್ಲೇ ಒಣಗಿರುತ್ತಿತ್ತು. ಮೊದಲೆಲ್ಲ ಅಕ್ಕ ಎತ್ತಿಟ್ಟದ್ದು ಕೈಗೆ ಸಿಗುವುದಿಲ್ಲವೆಂದು ಸಿಡುಕುತ್ತಿದ್ದವಳಿಗೆ ಈಗ ಎಲ್ಲವೂ ಸಿಗುತ್ತಿತ್ತು.

ಕೆಲಸದಲ್ಲೂ ಮಾತಿಗೆ ಜಾಗವಿರಲಿಲ್ಲ. ಆ ಹಿಂದಿನ ಕೋಣೆಯಲ್ಲಿ ಅವಳ ಜೊತೆಗಿದ್ದವನು ಒಬ್ಬನೇ. ಜನರ ಬಾಯಿಯ ಅಚ್ಚಿಗೆ ಪ್ಲಾಸ್ಟರ್ ಸುರಿಯುವವನು. ಎಲ್ಲರೂ ಅವನನ್ನು ಪ್ಲಾಸ್ಟರ್ ಎಂದೇ ಕರೆಯುತ್ತಿದ್ದರು. ಅವನು ಬೆಳಿಗ್ಗೆ ಕಿವಿಗೆ ಸಿಕ್ಕಿಸಿದ ಇಯರ್‌ಫೋನನ್ನು ಮನೆಗೆ ಹೊರಡುವಾಗಲೂ ತೆಗೆಯುತ್ತಿರಲಿಲ್ಲ. ಏನಾದರೂ ಬೇಕಾದರೆ ಮೇಜು ಕುಟ್ಟುತ್ತಿದ್ದ. ಅಕ್ಕ ಮೊದಮೊದಲು ದಿನಾ ಸಂಜೆ ಫೋನ್ ಮಾಡುತ್ತಿದ್ದಳು. ಆಮೇಲೆ ದಿನ ಬಿಟ್ಟು ದಿನವಾಯಿತು, ಆಮೇಲೆ ವಾರಕ್ಕೊಮ್ಮೆ. ಮಾತೂ ಬದಲಾಗಿತ್ತು. "ಊಟ ಆಯ್ತಾ? ಹುಷಾರಾಗಿದ್ದೀಯಾ? ಸರಿ, ಇಡ್ಲಾ?" ಅಷ್ಟರಲ್ಲೇ ಮುಗಿಯುತ್ತಿತ್ತು. ಅಷ್ಟು ಮಾತಿನ ಅಕ್ಕನಿಗೆ ಮಾತೇ ಇಲ್ಲದಂತಾದದ್ದು ಹೇಗೆಂದು ಪುಟ್ಟಿಗೆ ಅರ್ಥವಾಗುತ್ತಿರಲಿಲ್ಲ. ಕೇಳಲೂ ಇಲ್ಲ.

ಗಿಡವನ್ನು ಅಡುಗೆಮನೆಯ ಪಕ್ಕದ ಬಾಲ್ಕನಿಯಲ್ಲಿ ಇಟ್ಟಿದ್ದಳು. ನೀರಿಗೆ ತೊಂದರೆಯಿರಲಿಲ್ಲ. ಉಪಕರಣಗಳನ್ನು ಹಬೆಯಲ್ಲಿಡುವ ಯಂತ್ರಕ್ಕೆಂದು ಆಸ್ಪತ್ರೆಯಲ್ಲಿ ಡಿಸ್ಟಿಲ್ಡ್ ವಾಟರಿನ ಕ್ಯಾನುಗಳಿದ್ದವು. ಡಾಕ್ಟರನ್ನು ಕೇಳಿ ಒಂದು ಬಾಟಲಿ ತುಂಬಿಕೊಂಡು ಬರುತ್ತಿದ್ದಳು. ಒಂದು ಸಂಜೆ ಕುಂಡವನ್ನು ಬಿಸಿಲಿನತ್ತ ತಿರುಗಿಸುವಾಗ ಅವಳ ಬೆರಳು ಒಂದು ಬಾಯಿಯ ಒಳಗೆ ತಗುಲಿತು. ತೆಗೆಯುವಷ್ಟರಲ್ಲಿ ಮತ್ತೊಮ್ಮೆ ತಗುಲಿತು. ಬಾಯಿ ಫಕ್ಕನೆ ಮುಚ್ಚಿಕೊಂಡು ಅವಳ ಬೆರಳ ತುದಿಯನ್ನು ಹಿಡಿಯಿತು.

ಪುಟ್ಟಿ ಬೆಚ್ಚಿಬಿದ್ದಳು. ಆಮೇಲೆ ನಕ್ಕಳು. ಆ ಮನೆಯಲ್ಲಿ ತನ್ನ ನಗು ಕೇಳಿ ಬಹಳ ದಿನವಾಗಿತ್ತು. ಹಿಡಿತದಲ್ಲಿ ಬಲವೇನೂ ಇರಲಿಲ್ಲ. ಎಳೆಗೂಸು ಬೆರಳು ಹಿಡಿದುಕೊಂಡಷ್ಟು. ಎಳೆದರೆ ಬಂತು. ಆದರೂ ಅವಳು ಸ್ವಲ್ಪ ಹೊತ್ತು ಎಳೆಯಲಿಲ್ಲ.

ಮರುದಿನ ಕೆಲಸದಿಂದ ಬಂದವಳು ಕೈಚೀಲ ಇಡುವುದಕ್ಕೂ ಮೊದಲು ಬಾಲ್ಕನಿಗೆ ಹೋಗಿ ಇನ್ನೊಂದು ಬಾಯಿಯನ್ನು ಮುಟ್ಟಿದಳು. ಒಳಗೆ ಕೂದಲಿನಂಥ ಎರಡು ಮೂರು ಮುಳ್ಳುಗಳಿದ್ದವು. ಒಮ್ಮೆ ಮುಟ್ಟಿದರೆ ಸುಮ್ಮನಿರುತ್ತಿತ್ತು, ಬೆನ್ನಿಗೇ ಮತ್ತೊಮ್ಮೆ ಮುಟ್ಟಿದರೆ ಮುಚ್ಚಿಕೊಳ್ಳುತ್ತಿತ್ತು. "ಬಂದೆ ಕಣೇ," ಎಂದಳು. ಯಾರ ಮನೆಗೆ ಯಾರು ಬಂದರೆ ಯಾರಿಗೆ ಏನಾಗಬೇಕು, ಆದರೂ ಹೇಳಿದಳು. ದಿನಕ್ಕೊಂದು ಎಂದುಕೊಂಡಿದ್ದು ಕ್ರಮೇಣ ಎರಡಾಯಿತು. ಮೇಣದ ಕೆಲಸ ಕೆಟ್ಟು ಡಾಕ್ಟರ ಹತ್ತಿರ ಮಾತು ಕೇಳಿಸಿಕೊಂಡ ದಿನ ಇದ್ದಬದ್ದ ಬಾಯಿಯನ್ನೆಲ್ಲ ಮುಚ್ಚಿಸಿದಳು. ಅಕ್ಕ ಫೋನ್ ಮಾಡದ ಭಾನುವಾರಗಳಲ್ಲಿ ಬೆಳಿಗ್ಗೆಯೂ ಮುಟ್ಟುತ್ತಿದ್ದಳು. ಖಾಲಿ ಮುಚ್ಚಿಕೊಂಡ ಬಾಯಿ ಮರುದಿನಕ್ಕೆ ಮೆಲ್ಲಗೆ ತೆರೆಯುತ್ತಿತ್ತು, ಪಾಪ, ಏನೂ ಸಿಗಲಿಲ್ಲವೆಂಬ ಮುನಿಸೂ ಇಲ್ಲದೆ.

ಎಲೆಗಳು ಒಂದೊಂದಾಗಿ ಕಪ್ಪಾಗತೊಡಗಿದವು.

ಹಸಿವಿಗೆ ಹೀಗಾಗಿದೆ ಎಂದುಕೊಂಡಳು ಪುಟ್ಟಿ. ಮೂರನೇ ಮಹಡಿಗೆ ನೊಣ ಬರುವುದು ಅಪರೂಪ. ಒಂದು ತಟ್ಟೆಯಲ್ಲಿ ಸಕ್ಕರೆ ನೀರು ಕಲಸಿ, ಕೊಳೆತ ಬಾಳೆಹಣ್ಣಿನ ಸಿಪ್ಪೆಯನ್ನೂ ಹಾಕಿ ಕುಂಡದ ಪಕ್ಕ ಇಟ್ಟಳು. ನೊಣ ಬಂದವು. ಎಷ್ಟು ಬಂದವೆಂದರೆ, ನಾಲ್ಕಾರು ದಿನದಲ್ಲೇ ಕೆಳಮನೆಯಾಕೆ ಸೆರಗು ಬೀಸಿಕೊಳ್ಳುತ್ತ ಮೇಲೆ ಬಂದು ಬಾಗಿಲು ಬಡಿದರು.

"ಏನ್ರೀ, ನೊಣ ಸಾಕ್ತಿದ್ದೀರಾ ನೀವು?"

"ಇಲ್ಲ. ನೊಣ ತಿನ್ನೋದನ್ನ ಸಾಕ್ತಿದ್ದೀನಿ," ಎಂದಳು ಪುಟ್ಟಿ.

ಆಕೆ ಒಳಗೆ ಬಂದು ಕುಂಡದ ಮೇಲೆ ಬಗ್ಗಿ ನೋಡಿದರು. "ಇದಾ? ಇದು ತಿಂದು ಮುಗಿಸೋಷ್ಟರಲ್ಲಿ ನಾವೆಲ್ಲ ಮನೆ ಖಾಲಿ ಮಾಡ್ಬೇಕಾಗತ್ತೆ! ನಮ್ಮ ಹಾಲಿನ ಪಾತ್ರೆ ಮೇಲೆ ಜಾತ್ರೆ ನಡೀತಿದೆ, ಬಂದು ನೋಡಿ." ತಟ್ಟೆಯನ್ನು ಕಸಕ್ಕೆ ಸುರಿಯುವವರೆಗೂ ಅಲ್ಲೇ ನಿಂತಿದ್ದರು. ಹೊರಡುವಾಗ ಕೋಣೆಯ ಸುತ್ತ ಒಮ್ಮೆ ಕಣ್ಣಾಡಿಸಿ, "ಅಕ್ಕ ಹೋದ್ಮೇಲೆ ಬಿಕೋ ಅನ್ನತ್ತಲ್ವಾ," ಎಂದರು. ಪುಟ್ಟಿ ಖಾಲಿ ತಟ್ಟೆಯನ್ನು ತೊಳೆಯಲು ಎತ್ತಿಕೊಂಡಳು. ಆಕೆ ಕಾದು ನೋಡಿ ಇಳಿದುಹೋದರು.

ಕಡೆಗೆ ಪುಟ್ಟಿ ಭಾವನಿಗೇ ಫೋನ್ ಮಾಡಿದಳು. ಅಕ್ಕನ ಫೋನಿಗಲ್ಲದೆ ನೇರವಾಗಿ ಅವರಿಗೆ ಮಾಡಿದ್ದು ಅದೇ ಮೊದಲು.

"ಕಪ್ಪಾಗ್ತಿದೆ ಭಾವ. ನೀರು ನೀವು ಹೇಳಿದ ಹಾಗೇ ಹಾಕ್ತಿದ್ದೀನಿ. ಬಿಸಿಲೂ ಇದೆ."

"ಬಾಯಿ ಕಪ್ಪಾಗ್ತಿದೆಯಾ, ಇಡೀ ಎಲೆನಾ?"

"ಬಾಯಿಯಿಂದ ಶುರುವಾಗತ್ತೆ."

ಭಾವ ಔಷಧಿಯ ವಿಷಯ ಹೇಳುವವರ ಹಾಗೆ ನಿಧಾನವಾಗಿ ಹೇಳಿದರು: "ನೋಡಿ, ಒಂದೊಂದು ಬಾಯಿಗೂ ಲೆಕ್ಕ ಇರತ್ತೆ. ಕೆಲವೇ ಸಲ ಮುಚ್ಚಿ ತೆಗೆಯೋ ಶಕ್ತಿ ಇರೋದು ಅದಕ್ಕೆ. ಏನೂ ಸಿಗದೇ ಸುಮ್ನೆ ಮುಚ್ಚಿಕೊಂಡ್ರೆ ಇರೋ ಶಕ್ತಿಯೂ ಖರ್ಚಾಗಿ ಸಾಯತ್ತೆ. ಆವತ್ತು ಹೇಳೋಕೆ ಬಂದೆ, ಟ್ಯಾಕ್ಸಿಯವನು ಬಿಡ್ಲಿಲ್ಲ. ಯಾರಾದ್ರೂ ಮುಟ್ತಿದ್ದಾರಾ?"

"ಇಲ್ಲ ಭಾವ," ಎಂದಳು ಪುಟ್ಟಿ ತಕ್ಷಣ.

"ಸರಿ," ಎಂದರು ಅವರು. "ನಾನೂ ಸಾಯಿಸಿದ್ದೀನಿ. ಮೊದಲನೆಯವಳು ತೀರಿಕೊಂಡ ವರ್ಷ. ಮೂರು ಕುಂಡ. ಗೊತ್ತಿದ್ದೂ ಮುಟ್ತಿದ್ದೆ. ನಾನು ಏನಾದ್ರೂ ಮಾಡಿದ್ರೆ ತಿರುಗಿ ಏನಾದ್ರೂ ಮಾಡೋದು ಮನೇಲಿ ಅದೊಂದೇ ಉಳಿದಿತ್ತು."

ಪುಟ್ಟಿ ಫೋನನ್ನು ಕಿವಿಗೆ ಒತ್ತಿ ಹಿಡಿದುಕೊಂಡು ಬಾಲ್ಕನಿಯ ಕಂಬಿಯನ್ನೇ ನೋಡುತ್ತ ನಿಂತಳು.

"ಕಪ್ಪಾದದ್ದನ್ನೆಲ್ಲ ಕತ್ತರಿಸಿಹಾಕಿ," ಎಂದರು ಭಾವ. "ಇನ್ನೇನು ಚಳಿ ಬಂತು. ಚಳಿಗಾಲದಲ್ಲಿ ಅದು ಮಲಗತ್ತೆ. ಮೇಲೆ ಏನೂ ಕಾಣಿಸಲ್ಲ, ಸತ್ತೇಹೋಯ್ತು ಅಂತಲೇ ಅನ್ನಿಸತ್ತೆ. ಮಣ್ಣಿನೊಳಗೆ ಬಿಳೀ ಗೆಡ್ಡೆ ಇರತ್ತೆ, ಅದು ಗಟ್ಟಿ ಇದ್ರೆ ಎಲ್ಲಾ ಇದ್ದ ಹಾಗೇ. ಮಣ್ಣು ಒಣಗದ ಹಾಗೆ ನೋಡ್ಕೊಳ್ಳಿ ಸಾಕು. ಮತ್ತೆ... ಇದನ್ನ ನಿಮ್ಮಕ್ಕನಿಗೆ ಹೇಳೋದೇನೂ ಇಲ್ಲ."

ಯಾವುದನ್ನು ಎಂದು ಪುಟ್ಟಿ ಕೇಳಲಿಲ್ಲ.

ಅಂದಿನಿಂದ ಅವಳು ಮುಟ್ಟಲಿಲ್ಲ. ಬಿಡುವುದು ಸುಲಭವೇನೂ ಆಗಿರಲಿಲ್ಲ. ಬಾಗಿಲು ತೆರೆದೊಡನೆ ಕಾಲು ತಾನಾಗಿ ಬಾಲ್ಕನಿಯತ್ತ ಹೋಗುತ್ತಿತ್ತು. ಹೋಗಿ ನಿಂತು ಏನು ಮಾಡುವುದೆಂದು ತಿಳಿಯದೆ ಒಣಗಿದ ಬಟ್ಟೆ ತೆಗೆದುಕೊಂಡು ಒಳಗೆ ಬರುತ್ತಿದ್ದಳು. ಚಳಿ ಬಂತು. ಉಳಿದ ಎಲೆಗಳೂ ಕುಗ್ಗಿ, ಕಪ್ಪಾಗಿ, ಕುಂಡದಲ್ಲಿ ಯಾರೋ ಬೆಂಕಿಕಡ್ಡಿ ಸುಟ್ಟು ಹಾಕಿದಂತೆ ಕಾಣತೊಡಗಿದವು. ಒಂದು ದಿನ ಕೆಲಸದ ಮೇಣದ ಚಾಕುವಿನ ತುದಿಯಿಂದ ಮಣ್ಣನ್ನು ಸ್ವಲ್ಪವೇ ಸರಿಸಿ ನೋಡಿದಳು. ಗೆಡ್ಡೆ ಎಳೆ ಈರುಳ್ಳಿಯಷ್ಟು ಬೆಳ್ಳಗೆ, ಗಟ್ಟಿಯಾಗಿ ಇತ್ತು. ಮತ್ತೆ ಮುಚ್ಚಿದಳು. ಆ ಚಳಿಗಾಲವೆಲ್ಲ ಅವಳಿಗೆ ಇದ್ದ ಒಂದೇ ಗುಟ್ಟು ಅದು: ನೋಡಿದವರಿಗೆ ಸತ್ತಂತಿರುವುದು ಬದುಕಿದೆ ಎಂಬುದು ತನಗೊಬ್ಬಳಿಗೆ ಗೊತ್ತು. ಪ್ಲಾಸ್ಟರಿನ ಪಕ್ಕ ಕೂತು ಹಲ್ಲು ಜೋಡಿಸುವಾಗಲೂ ಅದು ನೆನಪಾಗಿ ಒಳಗೊಳಗೇ ಬೆಚ್ಚಗಾಗುತ್ತಿತ್ತು.

ಚಳಿ ಇಳಿಮುಖವಾಗುವ ಹೊತ್ತಿಗೆ ಅಕ್ಕ ಬಂದಳು. ಭಾವ ಮೊದಲ ಹೆಂಡತಿಯ ಮಗಳ ಮನೆಗೆ ಹೋಗಿದ್ದರು. ಅಷ್ಟು ದಿನ ತಂಗಿಯ ಜೊತೆ ಇರೋಣವೆಂದು ಹೊರಟು ಬಂದಿದ್ದಳು. ಸ್ವಲ್ಪ ಮೈ ತುಂಬಿಕೊಂಡಿದ್ದಳು. ಕೂದಲನ್ನು ಬೇರೆ ರೀತಿ ಕಟ್ಟಿದ್ದಳು. ಬಂದ ಸಂಜೆ ಇಬ್ಬರೂ ನೆಂಟರ ಹಾಗೆ ಕೂತರು. "ತಗೋ, ಇನ್ನೂ ಸ್ವಲ್ಪ ಹಾಕ್ಕೋ," "ಸಾಕು, ಸಾಕು," ಎಂಬುದೇ ಮಾತು.

ಮರುದಿನ ಪುಟ್ಟಿ ಕೆಲಸಕ್ಕೆ ಹೋದಳು. ಸಂಜೆ ಮನೆಗೆ ಬಂದರೆ ನೆಲ ಫಳಫಳ ಹೊಳೆಯುತ್ತಿತ್ತು. ಕಿಟಕಿಯ ಗಾಜು ಒರೆಸಿತ್ತು. ಅಕ್ಕನಿಗೆ ಸುಮ್ಮನೆ ಕೂರಲು ಬರುವುದಿಲ್ಲ. ಬಾಲ್ಕನಿಯ ಕಟ್ಟೆಯ ಮೇಲೆ ಕುಂಡ ತೊಳೆದು ಬೋರಲು ಹಾಕಿತ್ತು, ತಳದಿಂದ ಇನ್ನೂ ನೀರು ತೊಟ್ಟಿಕ್ಕುತ್ತಿತ್ತು.

"ಅಕ್ಕಾ, ಇದರಲ್ಲಿದ್ದದ್ದು?"

"ಅದಾ? ಪೂರ್ತಿ ಕೊಳೆತುಹೋಗಿತ್ತಲ್ಲೇ. ಕಸಕ್ಕೆ ಹಾಕಿದೆ. ಸತ್ತ ಗಿಡ ಯಾಕೆ ಇಟ್ಕೊಂಡಿದ್ದೆ?"

ಪುಟ್ಟಿ ಚಪ್ಪಲಿಯನ್ನೂ ಮೆಟ್ಟದೆ ಮೆಟ್ಟಿಲಿಳಿದು ಓಡಿದಳು. ಕಟ್ಟಡದ ಹಿಂದೆ ಕಸದ ಡಬ್ಬಗಳು ಬಾಯಿ ತೆರೆದು ಖಾಲಿ ನಿಂತಿದ್ದವು. ಗುಡಿಸುವಾಕೆ ಪೈಪು ಹಿಡಿದು ಅಲ್ಲಿನ ನೆಲ ತೊಳೆಯುತ್ತಿದ್ದಳು. "ಗಾಡಿ ಆಗ್ಲೇ ಬಂದು ಹೋಯ್ತಲ್ಲಮ್ಮ," ಎಂದಳು. "ಏನಾದ್ರೂ ಬೆಲೆಬಾಳೋದು ಹೋಯ್ತಾ?"

ಪುಟ್ಟಿ ಡಬ್ಬಗಳನ್ನು ಒಂದೊಂದಾಗಿ ಬಗ್ಗಿಸಿ ನೋಡಿದಳು. ಒಂದರ ತಳದಲ್ಲಿ ಒದ್ದೆ ಮಣ್ಣು ಅಂಟಿತ್ತು. ಬೆರಳಿನಿಂದ ಕೆದಕಿದಳು. ಮಣ್ಣು ಮಾತ್ರ.

ಮೇಲೆ ಬಂದಾಗ ಅಕ್ಕ ಬಾಗಿಲಲ್ಲೇ ನಿಂತಿದ್ದಳು. "ಏನಾಯ್ತೇ? ಹುಚ್ಚು ಹಿಡಿದವರ ಹಾಗೆ ಓಡಿದ್ಯಲ್ಲ!"

"ಅದು ಸತ್ತಿರ್ಲಿಲ್ಲ. ಮಲಗಿತ್ತು."

"ಗಿಡ ಮಲಗತ್ತಾ? ನಂಗೇನೇ ಗೊತ್ತು? ಅವರ ಗಿಡಗಳ ಹತ್ರ ನಾನು ಸುಳಿಯೋದೇ ಇಲ್ಲ, ನೋಡಿದ್ರೆ ಮೈ ಜುಮ್ಮನ್ನತ್ತೆ. ಹೋಗ್ಲಿ ಬಿಡು, ಇನ್ನೊಂದು ಕಳಿಸಿ ಅಂತ ಹೇಳ್ತೀನಿ ಅವರಿಗೆ."

"ಕೇಳಿ ಎಸೀಬೇಕಿತ್ತು."

"ಒಂದು ಗಿಡಕ್ಕೆ ಇಷ್ಟೊಂದಾ ಪುಟ್ಟಿ?"

"ಕೇಳ್ಬೇಕಿತ್ತು!" ಪುಟ್ಟಿಯ ದನಿ ಕಟ್ಟಡಕ್ಕೆಲ್ಲ ಕೇಳಿಸುವಷ್ಟು ಏರಿತ್ತು. ಅಕ್ಕನ ಎದುರು ಅವಳು ಹಾಗೆ ಕೂಗಿದ್ದು ಹುಟ್ಟಿದಾಗಿನಿಂದ ಇಲ್ಲ. "ಯಾವತ್ತೂ ಕೇಳಲ್ಲ ನೀನು. ಆವತ್ತೂ ಕೇಳ್ಲಿಲ್ಲ."

"ಯಾವತ್ತು?"

"ಮದುವೆ ಆಗ್ತಿದ್ದೀನಿ ಅಂತ ಹೇಳಿದೆ. ಆಗ್ಲಾ ಅಂತ ಕೇಳ್ಲಿಲ್ಲ."

ಅಕ್ಕ ಬಾಗಿಲು ಮುಚ್ಚಿದಳು. ಕುರ್ಚಿ ಎಳೆದುಕೊಂಡು ಕೂತಳು. "ಕೇಳಿದ್ರೆ ಬೇಡ ಅಂತಿದ್ಯಾ?"

"ಬೇಡ ಅಂತಿರ್ಲಿಲ್ಲ." ಪುಟ್ಟಿ ಮಣ್ಣಾದ ಕೈಯನ್ನು ನೋಡಿಕೊಂಡಳು. "ಕೇಳಿದ್ರೆ ಸಾಕಾಗಿತ್ತು."

ಕೆಳಮನೆಯಲ್ಲಿ ಯಾರೋ ಕುಕ್ಕರ್ ಇಟ್ಟಿದ್ದರು, ಅದು ಕೂಗುವುದು ಕೇಳಿಸುತ್ತಿತ್ತು. ಅಕ್ಕ ಸೆರಗಿನಲ್ಲಿ ಮೂಗು ಒರೆಸಿಕೊಂಡಳು.

"ಫೋನೂ ಮಾಡಲ್ಲ ನೀನೀಗ," ಎಂದಳು ಪುಟ್ಟಿ, ಈಗ ಮೆಲ್ಲಗೆ.

"ಮಾಡಿ ಏನು ಹೇಳ್ಲಿ?" ಅಕ್ಕ ಅವಳ ಮುಖ ನೋಡಲಿಲ್ಲ. "ನಾನು ಚೆನ್ನಾಗಿದ್ದೀನಿ ಕಣೇ. ತುಂಬಾ ಚೆನ್ನಾಗಿದ್ದೀನಿ. ಬೆಳಿಗ್ಗೆ ಏಳೋಷ್ಟರಲ್ಲಿ ಅವರು ಕಾಫಿ ಮಾಡಿಟ್ಟಿರ್ತಾರೆ. ಸಂಜೆ ಕೆರೆ ತನಕ ನಡ್ಕೊಂಡು ಹೋಗ್ತೀವಿ. ಈ ವಯಸ್ಸಿನಲ್ಲಿ ಹೀಗೆಲ್ಲ ಇರತ್ತೆ ಅಂತ ನಂಗೆ ಗೊತ್ತೇ ಇರ್ಲಿಲ್ಲ. ನೀನಿಲ್ಲಿ ಒಬ್ಬಳೇ ಅನ್ನ ಬಿಸಿ ಮಾಡ್ಕೊಂಡು ತಿನ್ನೋ ಹೊತ್ತಲ್ಲಿ ಅದನ್ನ ಹ್ಯಾಗೆ ಹೇಳ್ಲಿ? ಬೇರೆ ಏನಾದ್ರೂ ಹೇಳೋಣ ಅಂದ್ರೆ ಬಾಯಿಗೆ ಬರೋದು ಅದೇ. ಅದಕ್ಕೇ ಇಟ್ಟುಬಿಡ್ತೀನಿ ಫೋನು."

ಅಕ್ಕ ತನ್ನನ್ನು ಮರೆತಿದ್ದಾಳೆ ಎಂಬ ನೋವಿಗೆ ಪುಟ್ಟಿ ಹೊಂದಿಕೊಂಡಿದ್ದಳು. ಅಕ್ಕ ತನ್ನಿಂದ ಸುಖವನ್ನು ಬಚ್ಚಿಡುತ್ತಿದ್ದಾಳೆ ಎಂಬುದು ಹೊಸದು. ಅದಕ್ಕೆ ಎಲ್ಲಿ ನೋಯಬೇಕೆಂದು ಅವಳಿಗೆ ತಿಳಿಯಲಿಲ್ಲ.

ಕೈ ತೊಳೆದುಕೊಂಡು ಬಂದು ಎದುರಿಗೆ ಕೂತಳು. "ಹೇಳು," ಎಂದಳು. "ಕೆರೆ ಎಷ್ಟು ದೊಡ್ಡದು?"

ಅಕ್ಕ ಹೇಳಿದಳು. ಮೊದಲು ತಡವರಿಸುತ್ತ, ಆಮೇಲೆ ಹಳೆಯ ಹಾಗೆ, ಕೈ ಬಾಯಿ ಎರಡರಲ್ಲೂ. ಭಾವ ಗೊರಕೆ ಹೊಡೆಯುವುದನ್ನು ಮಾಡಿ ತೋರಿಸಿದಳು. ಪಕ್ಕದ ಮನೆಯವರ ಬೆಕ್ಕು ಭಾವನ ಗಿಡವೊಂದರಿಂದ ಮೂಗು ಕಚ್ಚಿಸಿಕೊಂಡದ್ದನ್ನು ಹೇಳಿ ತಾನೇ ಬಿದ್ದು ಬಿದ್ದು ನಕ್ಕಳು. ಪುಟ್ಟಿ "ಹೌದಾ?" ಎಂದಳು. ಕೇಳುತ್ತ ಕೇಳುತ್ತ ಅವಳಿಗೆ ಒಂದು ಸ್ಪಷ್ಟವಾಯಿತು. ಅಕ್ಕ ಹೇಳುತ್ತಿದ್ದದ್ದೆಲ್ಲ ತಾನು ಇಲ್ಲದ ಮನೆಯ ಮಾತು. ಇನ್ನು ಮೇಲೆ ಹಾಗೇ. ಅಕ್ಕ ಎಷ್ಟೇ ಮಾತಾಡಿದರೂ ಮಾತು ಮುಗಿದ ಮೇಲೆ ಅವಳು ಅಲ್ಲಿಗೆ ಹೋಗುತ್ತಾಳೆ, ತಾನು ಇಲ್ಲಿರುತ್ತೇನೆ.

ಅಕ್ಕ ಹೊರಡುವ ದಿನ ನಿಲ್ದಾಣದಲ್ಲಿ ಅವಳ ಕೈ ಹಿಡಿದು, "ನಮ್ಮ ಜೊತೆ ಬಂದಿದ್ದುಬಿಡ್ತೀಯಾ?" ಎಂದಳು. ಈ ಸಲ ಅದು ಕೇಳಿದ ಹಾಗೇ ಇತ್ತು, ಹೇಳಿದ ಹಾಗಿರಲಿಲ್ಲ. ಪುಟ್ಟಿ ಯೋಚಿಸಿದಳು. ನಿಜವಾಗಿಯೂ ಯೋಚಿಸಿ, "ಬೇಡ ಅಕ್ಕ," ಎಂದಳು. "ಬೇಸಿಗೆಗೆ ಬಂದು ನಾಲ್ಕು ದಿನ ಇದ್ದು ಬರ್ತೀನಿ."

ಆಮೇಲೆ ಅಂಚೆಯಲ್ಲಿ ಭಾವನಿಂದ ಒಂದು ಪೊಟ್ಟಣ ಬಂತು. ಮಾತ್ರೆ ಹಾಕಿಕೊಡುವ ಹಳೆಯ ಲಕೋಟೆ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಎಂದು ಅಚ್ಚಾಗಿತ್ತು. ಒಳಗೆ ಕಾಡಿಗೆ ಪುಡಿಯಷ್ಟು ಸಣ್ಣ ಕಪ್ಪು ಬೀಜ. ಬೇರೊಂದು ಜಾತಿ, ಎಲೆಯ ಮೇಲೆ ಅಂಟು ಹನಿ ಮೂಡಿಸಿ ಹುಳ ಹಿಡಿಯುವಂಥದ್ದು ಎಂದು ಅವರು ಫೋನಿನಲ್ಲಿ ಹೇಳಿದರು. ಸಿದ್ಧ ಗಿಡ ಕಳಿಸಲೇ ಎಂದೂ ಕೇಳಿದ್ದರು; ಪುಟ್ಟಿ ಬೇಡವೆಂದಿದ್ದಳು. "ಬೀಜದಿಂದ ಅಂದ್ರೆ ಬಹಳ ನಿಧಾನ. ಗಿಡ ಅನ್ನಿಸ್ಕೊಳ್ಳೋಕೇ ವರ್ಷದ ಮೇಲಾಗತ್ತೆ," ಎಂದರು. "ಆಗ್ಲಿ ಭಾವ," ಎಂದಳು.

ಬೀಜವನ್ನು ಒದ್ದೆ ಮಣ್ಣಿನ ಮೇಲೆ ಉದುರಿಸಿದಳು. ಕೆಲವು ವಾರ ಏನೂ ಇರಲಿಲ್ಲ. ಆಮೇಲೆ ಹಸಿರು ಚುಕ್ಕೆಗಳು ಕಂಡವು. ಅವುಗಳಲ್ಲಿ ಬಹಳಷ್ಟನ್ನು ಬೂಸ್ಟು ತಿಂದುಹಾಕಿತು. ಉಳಿದ ಕೆಲವನ್ನು ಅವಳು ಕೆಲಸದ ಭೂತಗನ್ನಡಿಯನ್ನು ಮನೆಗೆ ತಂದು ನೋಡಿದಳು. ಗುಂಡುಸೂಜಿಯ ತಲೆಯಷ್ಟಿದ್ದ ಒಂದು ಎಲೆಯ ಸುತ್ತ ಕೆಂಪು ಕೂದಲು, ಕೂದಲ ತುದಿಗೆಲ್ಲ ಹನಿ. ಕಣ್ಣಿಗೆ ಕಾಣದಷ್ಟು ಚಿಕ್ಕ ಹುಳವೊಂದು ಅದರಲ್ಲಿ ಆಗಲೇ ಸಿಕ್ಕಿಕೊಂಡಿತ್ತು. ಇಷ್ಟು ಚಿಕ್ಕದಿದ್ದೂ ಇದು ತನ್ನ ಊಟ ತಾನೇ ಹುಡುಕಿಕೊಂಡಿತೇ ಎಂದು ಅವಳಿಗೆ ಆಶ್ಚರ್ಯವಾಯಿತು.

ಭೂತಗನ್ನಡಿಯನ್ನು ಪಕ್ಕಕ್ಕಿಟ್ಟು ಅವಳು ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು ಚಹಾ ಕುಡಿದಳು. ಕೆಳಗೆ ರಸ್ತೆಯಲ್ಲಿ ಬಸ್ಸು ಜನರನ್ನು ಇಳಿಸಿ ಹೋಯಿತು. ಇಳಿದವರು ತಮ್ಮ ತಮ್ಮ ದಾರಿ ಹಿಡಿದು ಚದುರಿದರು. ಬೀದಿದೀಪ ಹತ್ತಿಕೊಳ್ಳುವವರೆಗೂ ಕೂತಿದ್ದು, ಆಮೇಲೆ ಅಕ್ಕಿ ತೊಳೆಯಲು ಎದ್ದಳು.